ಫ್ರಾನ್ಸ್ ಹಳ್ಳಿಗೆ ಹೋಗ್ತೀರಾ? ಮೊದಲು ಎಕ್ಸೆಲ್ ಶೀಟ್ ಮುಚ್ಚಿ

ಗೆಳೆಯನೊಬ್ಬ ನನಗೊಂದು ಎಕ್ಸೆಲ್ ಶೀಟ್ ಕಳಿಸಿದ. ಪ್ಯಾರಿಸ್ ಎರಡು ದಿನ, ನಾರ್ಮಂಡಿ ಒಂದು, ಲುವಾರ್ ಕಣಿವೆಯ ಅರಮನೆಗಳು ಒಂದು, ಡೊರ್ಡೋನ್ ಒಂದು, ಪ್ರೊವಾನ್ಸ್ ಎರಡು, ಕೊನೆಗೆ ನೀಸ್. ಒಟ್ಟು ಎಂಟು ದಿನ. ಫೈಲಿಗೆ ಇಟ್ಟ ಹೆಸರೇನು ಗೊತ್ತಾ? ‘ಆರಾಮ್ ಟ್ರಿಪ್’.

ನಗು ಬಂತು. ಆದರೆ ನಾನೂ ಹೀಗೇ ಇದ್ದವನು. ನಮ್ಮ ತಲೆಯಲ್ಲಿ ಕೂತಿರುವುದು ಒಂದೇ ಪದ, ವಸೂಲಿ. ಅಷ್ಟು ದುಡ್ಡು ಕೊಟ್ಟು ಟಿಕೆಟ್ ತೆಗೆದಿದ್ದೇವೆ, ವಸೂಲಾಗಬೇಕು. ಪ್ಯಾರಿಸ್‌ನಲ್ಲಿ ಈ ಲೆಕ್ಕ ನಡೆದೀತು. ಹಳ್ಳಿ ಕಡೆ ಹೋದರೆ ನಡೆಯುವುದಿಲ್ಲ. ಡೊರ್ಡೋನ್‌ನಿಂದ ಪ್ರೊವಾನ್ಸ್‌ಗೆ ಕಾರಲ್ಲಿ ಹೊರಟರೆ ಒಂದು ಹಗಲು ರಸ್ತೆಗೇ ಹೋಯಿತು. ಎಂಟು ದಿನದಲ್ಲಿ ನೀವು ಜಾಸ್ತಿ ನೋಡುವುದು ಟೋಲ್ ಗೇಟುಗಳನ್ನು.

ಅದಕ್ಕೇ ಹೇಳುತ್ತೇನೆ. ಒಂದು ಸೀಮೆ ಆರಿಸಿ, ಒಂದು ಮನೆ ಹಿಡಿಯಿರಿ, ಏಳು ರಾತ್ರಿ ಅಲ್ಲೇ ಇರಿ. ನನ್ನನ್ನು ಕೇಳಿದರೆ ನೈಋತ್ಯದ ಡೊರ್ಡೋನ್. ಹೊಳೆ, ಹೊಳೆಯ ಎರಡು ದಡದಲ್ಲಿ ಎದುರುಬದುರು ನಿಂತ ಬೇನಾಕ್ ಮತ್ತು ಕಾಸ್ಟೆಲ್ನೋ ಕೋಟೆಗಳು, ಆಕ್ರೋಟು ತೋಪುಗಳು. ಪ್ಯಾರಿಸ್‌ನಿಂದ ಬೋರ್ಡೋಗೆ ವೇಗದ ರೈಲಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿಂದ ಕಾರು. ಕಾರು ಬೇಕೇ ಬೇಕು, ಹಳ್ಳಿ ಬಸ್ಸನ್ನು ನಂಬಿ ಕೂತರೆ ಕೂತೇ ಇರುತ್ತೀರಿ.

ಹೀಗೆ ಬಾಡಿಗೆಗೆ ಸಿಗುವ ಹಳ್ಳಿ ಮನೆಗೆ ಅವರು ಹೇಳುವ ಹೆಸರು ‘ಜೀತ್’. ಹೌದು, ನಮ್ಮ ಕಿವಿಗೆ ಬೇರೆ ಏನೋ ಕೇಳಿಸುತ್ತದೆ! ಜುಲೈ, ಆಗಸ್ಟ್‌ನಲ್ಲಿ ಇವು ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೇ ಸಿಗುವುದು. ವಿಮಾನದ ಟಿಕೆಟ್ ತೆಗೆಯುವ ಮೊದಲೇ ಇದು ತಲೆಯಲ್ಲಿರಲಿ. ಹಾಸಿಗೆ ಬಟ್ಟೆ, ಟವೆಲ್ ಬಾಡಿಗೆಯಲ್ಲಿ ಸೇರಿದೆಯಾ ಅಂತಲೂ ಕೇಳಿ, ಬಹಳ ಕಡೆ ಸೇರಿರುವುದಿಲ್ಲ. ಆಗುವುದಾದರೆ ಜೂನ್ ಅಥವಾ ಸೆಪ್ಟೆಂಬರ್‌ನಲ್ಲಿ ಹೋಗಿ. ಫ್ರಾನ್ಸ್‌ನಲ್ಲಿ ದುಡಿಯುವವರಿಗೆ ಸಂಬಳ ಸಹಿತ ರಜೆ ಕಾನೂನಾಗಿ ಬಂದಿದ್ದು 1936ರಲ್ಲಿ, ಆಗ ಎರಡು ವಾರ. 1982ರಿಂದ ಐದು ವಾರ. ಆಗಸ್ಟ್ ಬಂತೆಂದರೆ ಅರ್ಧ ದೇಶ ಆ ರಜೆ ಹಾಕಿ ರಸ್ತೆಗೆ ಇಳಿಯುತ್ತದೆ. ಬೇಕರಿಯವನೂ ಬೀಗ ಹಾಕಿ ಹೊರಟಿರಬಹುದು.

ಬೀಗ ಅಂದಾಗ ನೆನಪಾಯಿತು. ನಾವು ಮೊದಲ ಸಲ ಹೋದಾಗ ಶನಿವಾರ ಕತ್ತಲಾದ ಮೇಲೆ ತಲುಪಿದೆವು. ಸಾಮಾನು ನಾಳೆ ತಂದರಾಯಿತು ಎಂದುಕೊಂಡೆವು. ನಾಳೆ ಅಂದರೆ ಭಾನುವಾರ. ನಿದ್ದೆಗಣ್ಣಲ್ಲಿ ಎದ್ದು ಊರೊಳಗೆ ಹೋಗುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಬೇಕರಿ ಮುಚ್ಚಿತ್ತು. ಎಂಟು ಕಿಲೋಮೀಟರ್ ದೂರದ ಸೂಪರ್‌ಮಾರ್ಕೆಟ್ಟೂ ಮುಚ್ಚಿತ್ತು. ಬ್ಯಾಗಲ್ಲಿ ಉಪ್ಪಿಟ್ಟಿನ ರವೆ ಇತ್ತು, ಎಣ್ಣೆ ಇರಲಿಲ್ಲ. ನನ್ನ ಹೆಂಡತಿ ಉಪ್ಪಿನಕಾಯಿ ಬಾಟಲಿಯ ಎಣ್ಣೆ ಬಸಿದು ಅದರಲ್ಲೇ ಒಗ್ಗರಣೆ ಹಾಕಿದಳು. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮೂರು ಹೊತ್ತೂ ಅದೇ ಆಯಿತು.

ಹೊಟೆಲ್ ಕಥೆಯೂ ಇಷ್ಟೇ. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ. ಎರಡೂವರೆಗೆ ಹೋಗಿ ಹಲ್ಲು ಗಿಂಜಿದರೆ ಕಾಫಿ ಸಿಗುತ್ತದೆ, ಅಷ್ಟೇ. ಸೋಮವಾರವೂ ಬಹಳ ಅಂಗಡಿಗಳು ತೆರೆಯುವುದಿಲ್ಲ. ಇದನ್ನು ಸೋಮಾರಿತನ ಅನ್ನಬೇಡಿ. ಅವರ ದಿನ ಇರುವುದೇ ಹಾಗೆ, ನೀವು ಹೋದಿರಿ ಅಂತ ಬದಲಾಗುವುದಿಲ್ಲ.

ಸಸ್ಯಾಹಾರಿಗಳೇ, ನಿಮಗೊಂದು ಮಾತು. ಡೊರ್ಡೋನ್ ಬಾತುಕೋಳಿಯ ಸೀಮೆ. ಅಲ್ಲಿ ‘ಸಾರ್ಲಾದೇಜ್’ ಅಂತ ಆಲೂಗಡ್ಡೆ ಹುರಿದು ಕೊಡುತ್ತಾರೆ. ಬೆಳ್ಳುಳ್ಳಿಯ ಘಮ, ಹೊಂಬಣ್ಣ. ಆಲೂಗಡ್ಡೆ ತಾನೇ ಅಂತ ತಿಂದುಬಿಡುತ್ತೀರಿ. ಅದನ್ನು ಹುರಿಯುವುದು ಬಾತುಕೋಳಿ ಕೊಬ್ಬಿನಲ್ಲಿ. ಅಡುಗೆಮನೆ ಇರುವ ಬಾಡಿಗೆ ಮನೆ ಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ. ಸಾರಿನ ಪುಡಿ, ರವೆ ಒಯ್ಯಿರಿ. ತುಪ್ಪ ಬೇಡ. ಹೊರದೇಶದ ಹಾಲಿನ ಪದಾರ್ಥವನ್ನು ಯುರೋಪ್ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಬೆಣ್ಣೆ ಅಲ್ಲೇ ಸಿಗುತ್ತದೆ, ಕಾಯಿಸಿಕೊಳ್ಳಿ. ತರಕಾರಿಗೆ ಸಾರ್ಲಾ ಊರಿನ ಸಂತೆ, ಬುಧವಾರ ಮತ್ತು ಶನಿವಾರ ಬೆಳಗ್ಗೆ. ಅಂಗಡಿಯವರ ಮುಂದೆ ನಿಂತ ಕೂಡಲೇ ‘ಬೋಂಜೂರ್’ ಅನ್ನಿ. ಅದನ್ನು ಹೇಳದೆ ನೇರ ರೇಟು ಕೇಳಿದರೆ ಮುಖ ಗಂಟಾಗುತ್ತದೆ.

ವೀಸಾ ವಿಷಯ ಬೇಗ ಮುಗಿಸುತ್ತೇನೆ. ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಬೆರಳಚ್ಚು ಬೆಂಗಳೂರಲ್ಲೇ ಕೊಡಬಹುದು. ಕನಿಷ್ಠ 30,000 ಯೂರೋವರೆಗಿನ ಆಸ್ಪತ್ರೆ ಖರ್ಚು ಭರಿಸುವ ಪ್ರಯಾಣ ವಿಮೆ ಇರಬೇಕು. ಊರು ಊರು ಸುತ್ತದೆ ಒಂದೇ ಮನೆಯಲ್ಲಿದ್ದರೆ ತೋರಿಸಬೇಕಾದ ಬುಕಿಂಗ್ ಕಾಗದವೂ ಕಡಿಮೆ.

ಕಾರಿನ ಬಗ್ಗೆ: ಗೇರ್ ಹಾಕುವ ಕಾರೇ ಅಲ್ಲಿ ಮಾಮೂಲು, ಆಟೊಮ್ಯಾಟಿಕ್ ಬೇಕಾದರೆ ಮೊದಲೇ ಹೇಳಿಡಿ. ಓಡಿಸುವುದು ರಸ್ತೆಯ ಬಲಗಡೆ. ಬೋರ್ಡು ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೆ ದಾರಿ ಬಿಡಬೇಕು, ಅದು ಸಣ್ಣ ಓಣಿಯಿಂದ ಬರುವ ಟ್ರ್ಯಾಕ್ಟರ್ ಆದರೂ ಸರಿ.

ಹಾಗಾದರೆ ಏನೂ ನೋಡೋದೇ ಬೇಡವಾ ಅಂತ ಗೆಳೆಯ ಸಿಟ್ಟಾದ. ಒಂದು ನೋಡು ಅಂದೆ, ಲಾಸ್ಕೋ. ಅದೇ ಡೊರ್ಡೋನ್‌ನಲ್ಲಿ 1940ರಲ್ಲಿ ಸಿಕ್ಕ ಆದಿಮಾನವರ ಚಿತ್ರಗಳ ಗುಹೆ. ಜನರ ಉಸಿರಿಗೇ ಚಿತ್ರಗಳು ಹಾಳಾಗತೊಡಗಿ 1963ರಲ್ಲಿ ಮುಚ್ಚಿದರು. ಈಗ ನೋಡಲು ಸಿಗುವುದು 2016ರಲ್ಲಿ ತೆರೆದ ಪಡಿಯಚ್ಚು. ನಕಲಿಗೆ ಅಷ್ಟು ದೂರ ಯಾಕೆ ಅಂದ. ಅಲ್ಲಿ ಬರೆದ ಗೂಳಿಗಳ ಚಿತ್ರದ ಕೆಳಗೆ ನಿಂತ ಮೇಲೆ ಕೇಳು ಅಂದೆ. ಉಳಿದ ದಿನ ಸುಮ್ನೆ ಅಂಗಳದಲ್ಲಿ ಕೂರಬೇಕು. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ.

ಇನ್ನೊಂದು ಮರೆತಿದ್ದೆ. ಕೊನೆಯ ಶನಿವಾರ ಬೆಳಗ್ಗೆ ಮನೆ ಗುಡಿಸಿ, ಒರೆಸಿ, ಕಸ ಬೇರೆ ಮಾಡಿ ಹಾಕಿ ಬೀಗದ ಕೈ ಕೊಡಬೇಕು. ಇಲ್ಲದಿದ್ದರೆ ಅದಕ್ಕೆ ಬೇರೆ ದುಡ್ಡು. ಇಡೀ ವಾರದಲ್ಲಿ ಜೀತ ಅಂದರೆ ಅದೊಂದೇ.