ಹಕ್ಕಲಾಯ್ದವಳ ಉಡಿ

ಪ್ರಿಯರೇ, ನಮ್ಮ ಕಡೆ ಶೇಂಗಾ ಕಿತ್ತಾದ ಮೇಲೆ ಹೊಲದಲ್ಲಿ ಹಕ್ಕಲು ಆಯುವವರನ್ನು ನೀವೂ ನೋಡಿರುತ್ತೀರಿ. ಮಣ್ಣು ಕೆದರಿ, ಬಳ್ಳಿಯಿಂದ ಹರಿದು ಒಳಗೇ ಉಳಿದ ಕಾಯಿಗಳನ್ನು ಒಂದೊಂದೇ ಹೆಕ್ಕಿ ಉಡಿಗೆ ಹಾಕಿಕೊಳ್ಳಬೇಕು. ಅವ್ವನ ಜೊತೆ ನಾನೂ ಹೋಗುತ್ತಿದ್ದೆ. ದಿನವಿಡೀ ಬಗ್ಗಿದರೆ ಸಿಗುವುದು ಎರಡು ಸೇರು, ಹೆಚ್ಚೆಂದರೆ ಮೂರು. ಬೈಬಲಿನ ರೂತಳ ಕಥೆ ಓದುವಾಗೆಲ್ಲ ನನಗೆ ಮೊದಲು ನೆನಪಾಗುವುದು ಆ ಸೊಂಟನೋವು.

ಬರಗಾಲಕ್ಕೆ ಬೇತ್ಲೆಹೇಮ್ ಬಿಟ್ಟು ಮೋವಾಬ್ ಎಂಬ ಪರದೇಶಕ್ಕೆ ಹೋದ ನೊವೊಮಿ, ಗಂಡನನ್ನೂ ಇಬ್ಬರು ಮಕ್ಕಳನ್ನೂ ಅಲ್ಲೇ ಮಣ್ಣು ಮಾಡಿ, ಸುಮಾರು 10 ವರ್ಷದ ಮೇಲೆ ಸೊಸೆ ರೂತಳೊಂದಿಗೆ ಮರಳಿದಳು. ತುಂಬಿಕೊಂಡು ಹೋದೆ, ದೇವರು ಬರಿಗೈಯಲ್ಲಿ ಕರೆತಂದ ಎಂದು ಊರ ಹೆಂಗಸರೆದುರು ದೂರಿದಳು. ಆ ಮೂರು ಸಾವು ಯಾಕಾದವು ಎಂದು ಕಥೆಯ 4 ಅಧ್ಯಾಯಗಳಲ್ಲಿ ಎಲ್ಲೂ ಹೇಳಿಲ್ಲ. ಸಾವಾದ ಮನೆಗೆ ಹೋಗಿ "ಇದರಾಗೂ ದೇವರ ಉದ್ದೇಶ ಇರ್ತದ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೊವೊಮಿಗೆ ಯಾರೂ ಹಾಗೆ ಹೇಳಲಿಲ್ಲ, ಸದ್ಯ.

ಕೊಯ್ಲಿನಲ್ಲಿ ಉದುರಿದ್ದನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂದು ಆ ಜನರ ಕಟ್ಟಳೆಯಾದ ಮೋಶೆಯ ಧರ್ಮಶಾಸ್ತ್ರದಲ್ಲಿತ್ತು. ರೂತಳು ಹಕ್ಕಲಾಯಲು ಹೊರಟಳು. ಅವಳು ಹೊಕ್ಕದ್ದು ಅಕಸ್ಮಾತ್ತಾಗಿ ಮಾವನ ಬಂಧು ಬೋವಜನ ಹೊಲ. ದೇವರೇ ನಡೆಸಿದನೆಂದು ಕಥೆಗಾರ ಅಲ್ಲಿ ಹೇಳುವುದಿಲ್ಲ. ದೇವರು ತಾನೇ ಮಾಡಿದ್ದೆಂದು ಅವನು ಹೇಳುವುದು ಇಡೀ ಕಥೆಯಲ್ಲಿ 2 ಸಲ: ಬರ ಕಳೆದು ಊರಿಗೆ ಅನ್ನ ಕೊಟ್ಟದ್ದು, ಕೊನೆಗೆ ರೂತಳಿಗೆ ಬಸಿರು ಕೊಟ್ಟದ್ದು. ನಡುವಿನದೆಲ್ಲ ಮನುಷ್ಯರ ಕೈಕೆಲಸ.

ಅದರಲ್ಲೊಂದನ್ನು ನೋಡಿ. ಊಟ ಮುಗಿಸಿ ರೂತಳು ಮತ್ತೆ ಆಯಲು ಎದ್ದಾಗ ಬೋವಜ ಆಳುಗಳಿಗೆ ಹೇಳುತ್ತಾನೆ: ಸಿವುಡುಗಳಿಂದ ಬೇಕಂತಲೇ ಒಂದಿಷ್ಟು ತೆನೆ ಎಳೆದು ಬಿಡಿ, ಗದರಿಸಬೇಡಿ. ಇದನ್ನು ಅವಳಿಗೆ ಯಾರೂ ತಿಳಿಸಿದಂತೆ ಕಾಣುವುದಿಲ್ಲ. ಅವಳ ಪಾಲಿಗೆ ಅದು ಉದುರಿದ ತೆನೆ, ಅಷ್ಟೆ.

ಸಂಜೆ ಬಡಿದು ಅಳೆದರೆ ಸುಮಾರು ಒಂದು ಎಫಾ ಜವೆಗೋದಿ. ಅಂದರೆ ಹೆಚ್ಚುಕಡಿಮೆ 20 ಲೀಟರಿನ ನೀರಿನ ಕ್ಯಾನ್ ತುಂಬುವಷ್ಟು! ಒಂದು ದಿನದ ಹಕ್ಕಲು ಅಷ್ಟಾಗುವುದಿಲ್ಲ. ಆಯ್ದವಳಿಗೆ ಹೊಳೆಯದ್ದು ಅತ್ತೆಗೆ ಹೊಳೆಯಿತು. ರಾಶಿ ನೋಡಿದ್ದೇ ಇವತ್ತು ಎಲ್ಲಿ ಆಯ್ದೆ ಎಂದು ಕೇಳಿದಳು. ನಮ್ಮವ್ವನೂ ಹಾಗೇ. ಒಮ್ಮೆ ನನ್ನ ಉಡಿಯಲ್ಲಿ ಕೈಯಾಡಿಸಿ, "ಇದು ಉಳಿದದ್ದಲ್ಲ, ಯಾರೋ ಬಿಟ್ಟದ್ದು" ಅಂದಿದ್ದಳು. ಸತ್ತವರಿಗೂ ಬದುಕಿರುವವರಿಗೂ ದೇವರು ಕೃಪೆ ಬಿಟ್ಟಿಲ್ಲ ಎಂಬ ಮಾತು ನೊವೊಮಿಯ ಬಾಯಿಂದ ಬಂದದ್ದು ಆ ಕಾಳಿನ ರಾಶಿಯ ಮುಂದೆ.

ಆಮೇಲೊಂದು ದಿನ ರೂತಳು ಕಣಕ್ಕೆ ಹೋಗಿ ಮದುವೆಯ ಮಾತೆತ್ತಿದಳು; ಅಲ್ಲಿಂದ ಕಳಿಸುವಾಗ ಬೋವಜ ಅವಳ ಹೊದಿಕೆಗೆ ಆರು ಅಳತೆ ಜವೆಗೋದಿ ಸುರಿದ. ಅತ್ತೆಯ ಹತ್ತಿರ ಬರಿಗೈಯಲ್ಲಿ ಹೋಗಬೇಡ ಅಂದ. 'ಬರಿಗೈ' ಎಂಬಲ್ಲಿ ಹೀಬ್ರೂ ಮೂಲದಲ್ಲಿರುವುದು ರೇಕಾಮ್, ನೊವೊಮಿ ಊರ ಹೆಂಗಸರೆದುರು ದೂರುವಾಗ ಆಡಿದ ಅದೇ ಪದ. ಸೊಸೆ ಅದನ್ನು ಬಂದು ಹೇಳಿದಾಗ ನೊವೊಮಿ ಈ ಸಲ ದೇವರ ಹೆಸರೆತ್ತಲಿಲ್ಲ. ಸುಮ್ಮನೆ ಕೂತಿರು ಮಗಳೇ, ಇದು ಏನಾಗುತ್ತದೋ ನೋಡುವಿಯಂತೆ ಎಂದಳು.