ಏಳು ಹತ್ತರ ಸುದ್ದಿ

ಕೇಳುಗರಿಗೆ ನಮಸ್ಕಾರ. ಪುಣೆಯಿಂದ ಮಾತಾಡುತ್ತಿದ್ದೇನೆ.

2023ರ ಜೂನ್ ತಿಂಗಳು. ವಾರಿಯ, ಅಂದರೆ ಪಂಢರಪುರಕ್ಕೆ ನಡೆದು ಹೋಗುವ ಯಾತ್ರೆಯ ದಿನಗಳು. ಆಳಂದಿಯಿಂದ, ದೇಹುವಿನಿಂದ ಪಾಲಖಿಗಳು ಹೊರಟು ಪಂಢರಪುರದ ದಾರಿ ಹಿಡಿದಿದ್ದವು. ಅದೇ ಹೊತ್ತಿಗೆ ಇಲ್ಲಿನ ಪೇಪರುಗಳಲ್ಲಿ ಒಂದು ಸುದ್ದಿ ಬಂತು. ಪುಣೆ ಆಕಾಶವಾಣಿಯ ಪ್ರಾದೇಶಿಕ ವಾರ್ತಾ ವಿಭಾಗವನ್ನು ಮುಚ್ಚುತ್ತಾರೆ, ಅದರ ಕೆಲಸವನ್ನು ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ ಹಳೆಯ ಔರಂಗಾಬಾದಿಗೆ ಒಪ್ಪಿಸುತ್ತಾರೆ ಅಂತ. ಬೆಳಿಗ್ಗೆ ಏಳು ಹತ್ತಕ್ಕೆ ಬರುವ ಮರಾಠಿ ಸುದ್ದಿ ಇನ್ನು ಪುಣೆಯಲ್ಲಿ ತಯಾರಾಗುವುದಿಲ್ಲ ಅಂತ.

ಊರಿಗೆ ಊರೇ ಸಿಟ್ಟಾಯಿತು. ಕೇಳುಗರು, ಪತ್ರಕರ್ತರು, ಬೇರೆ ಬೇರೆ ಪಕ್ಷದವರು ಎಲ್ಲರೂ ಬೇಡ ಅಂದರು. ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ತಡೆಹಿಡಿದರು. ಸುದ್ದಿ ನಿಲ್ಲಲಿಲ್ಲ.

ನಾನು ಕನ್ನಡದವನು. ಮರಾಠಿ ಬುಲೆಟಿನ್ ಎಲ್ಲಿ ತಯಾರಾದರೆ ನನಗೇನು ಅಂತ ನೀವು ಕೇಳಬಹುದು. ನನ್ನ ಊರು ಇಂಡಿ ತಾಲ್ಲೂಕಿನಲ್ಲಿದೆ, ಭೀಮಾ ನದಿಯ ದಂಡೆಗೆ. ಭೀಮೆ ಹುಟ್ಟುವುದು ಇದೇ ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ. ಪುಣೆಯ ಪಶ್ಚಿಮಕ್ಕೆ ಘಟ್ಟದಲ್ಲಿ ಮಳೆ ಹಿಡಿಯಿತು ಅಂದರೆ ಟೇಮಘರ್, ವರಸಗಾಂವ್, ಪಾನಶೇತ್ ಅಣೆಕಟ್ಟುಗಳು ತುಂಬುತ್ತವೆ. ಆ ನೀರೆಲ್ಲ ಬಂದು ಸೇರುವ ಖಡಕವಾಸಲಾ ತೀರ ಸಣ್ಣ ಅಣೆಕಟ್ಟು. ಅದರ ಹೊಟ್ಟೆಯಲ್ಲಿ ಎರಡು ಟಿಎಂಸಿ ನೀರೂ ಹಿಡಿಯುವುದಿಲ್ಲ. ಹಾಗಾಗಿ ಬೇಗ ಗೇಟು ಎತ್ತಬೇಕಾಗುತ್ತದೆ. ನೀರು ಮುಠಾ ನದಿಗೆ ಬರುತ್ತದೆ, ಪುಣೆಯ ನಡುವೆ ಹಾದು ಮುಳಾ ನದಿಯನ್ನು ಸೇರುತ್ತದೆ, ಮುಂದೆ ಭೀಮೆಗೆ, ಅಲ್ಲಿಂದ ಉಜನಿಗೆ. ಉಜನಿ ದೊಡ್ಡ ಅಣೆಕಟ್ಟು, 117 ಟಿಎಂಸಿ. ಅದೂ ತುಂಬಿದ ಮೇಲೆ ಪಂಢರಪುರ ದಾಟಿ ನಮ್ಮ ಇಂಡಿ, ಅಫಜಲಪುರ, ಜೇವರ್ಗಿ.

ಮಳೆಗಾಲದಲ್ಲಿ ನನ್ನ ತಮ್ಮ ಬೆಳಿಗ್ಗೆ ಫೋನ್ ಮಾಡುತ್ತಾನೆ. ಆರೋಗ್ಯ ಗೀರೋಗ್ಯ ಕೇಳುವುದು ಆಮೇಲೆ. ಮೊದಲ ಮಾತು ಇಷ್ಟೇ: "ಅಣ್ಣಾ, ಉಜನಿ ಎಷ್ಟ್ ಬಿಟ್ಟಾರಂತ?" ಆ ಅಂಕಿಯ ಮೇಲೆ ಅವನ ಅವತ್ತಿನ ಕೆಲಸ ನಿಂತಿದೆ. ದಂಡೆಯಲ್ಲಿರುವ ಮೋಟಾರು ಎತ್ತಿಡಬೇಕೋ, ಪೈಪು ಬಿಚ್ಚಬೇಕೋ, ದನಗಳನ್ನು ಮೇಲಿನ ಹೊಲಕ್ಕೆ ಹೊಡೆಯಬೇಕೋ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದಾಗ ವಿಜಯಪುರ, ಕಲಬುರಗಿ ಜಿಲ್ಲೆಗಳ ದಂಡೆಯ ಊರುಗಳು ಎಷ್ಟು ಕಷ್ಟಪಟ್ಟವು ಅನ್ನುವುದು ನಿಮಗೆ ನೆನಪಿರಬಹುದು. ನದಿಯ ಸುದ್ದಿ ನದಿಗಿಂತ ಮುಂಚೆ ಬರಬೇಕು. ಪುಣೆಯಲ್ಲಿ ಹಡಪ್ಸರದಿಂದ ನಿಗಡಿಯವರೆಗೆ ನಮ್ಮ ಕಡೆಯವರು ಎಷ್ಟೋ ಜನ ಇದ್ದಾರೆ. ಕಟ್ಟಡದ ಕೆಲಸದವರು, ಖಾನಾವಳಿ ನಡೆಸುವವರು, ಕಂಪನಿಗಳಲ್ಲಿ ದುಡಿಯುವವರು. ಇವರ ಹೊಲ ಮನೆ ಭೀಮಾ ದಂಡೆಯಲ್ಲಿ, ಇವರು ಇರುವುದು ಭೀಮೆಯ ತಲೆಗೆ. ಪುಣೆಯ ಸುದ್ದಿ ಇವರಿಗೆ ಊರಿನ ಸುದ್ದಿಯೇ ಅಲ್ವಾ?

ಸಂಭಾಜಿನಗರದಿಂದ ಓದಿದರೂ ಅದೇ ಸುದ್ದಿ, ಅದೇ ಮರಾಠಿ, ರೇಡಿಯೊದಲ್ಲಿ ಕೇಳುವುದೂ ಅದೇ ಜಾಗದಲ್ಲಿ. ಹಾಗಿದ್ದರೆ ನಷ್ಟ ಏನು? ಈ ಮಾತನ್ನು ಆಗ ಕೆಲವರು ಆಡಿದರು. ಇದಕ್ಕೆ ಸ್ವಲ್ಪ ನಿಧಾನವಾಗಿಯೇ ಉತ್ತರ ಹೇಳಬೇಕು.

ಪ್ರಾದೇಶಿಕ ಬುಲೆಟಿನ್ ಹತ್ತು ನಿಮಿಷದ್ದು. ಆ ಹತ್ತು ನಿಮಿಷದ ಹಿಂದೆ ಬಹಳ ಜನ ಇರುತ್ತಾರೆ. ಜಿಲ್ಲೆಗಳಲ್ಲಿ ಅರೆಕಾಲಿಕ ವರದಿಗಾರರು ಇರುತ್ತಾರೆ. ತಿಂಗಳಿಗೆ ಇಷ್ಟು ಅಂತ ಸಣ್ಣ ಸಂಭಾವನೆ ಪಡೆಯುವವರು. ಅವರು ಕಳಿಸಿದ್ದನ್ನು ಒಬ್ಬರು ನೋಡಿ, ಫೋನ್ ಮಾಡಿ ಖಚಿತಮಾಡಿಕೊಂಡು, ಕಿವಿಯಲ್ಲಿ ಕೇಳಿದರೆ ತಿಳಿಯುವ ಹಾಗೆ ಚಿಕ್ಕದಾಗಿ ತಿದ್ದುತ್ತಾರೆ. ಓದುವವರಲ್ಲಿ ಜಾಸ್ತಿ ಜನ ಕಾಯಂ ನೌಕರರಲ್ಲ. ಪಾಳಿಗೆ ಇಷ್ಟು ಅಂತ ಬಂದು ಓದಿ ಹೋಗುವವರು. ಊರಿನ್ನೂ ಎದ್ದಿರುವುದಿಲ್ಲ, ಇವರು ಶಿವಾಜಿನಗರದ ಕಚೇರಿಯಲ್ಲಿ ಕುಳಿತು ಹಾಳೆ ಮೇಲೆ ಗೆರೆ ಎಳೆದುಕೊಂಡು ಓದಿ ಅಭ್ಯಾಸ ಮಾಡುತ್ತಿರುತ್ತಾರೆ.

ಇದರಲ್ಲಿ ಮುಖ್ಯವಾದದ್ದು ಯಾವ ಸುದ್ದಿ ಮೊದಲು ಅನ್ನುವ ತೀರ್ಮಾನ. ಖಡಕವಾಸಲಾದಿಂದ ಎಷ್ಟು ಕ್ಯೂಸೆಕ್ ಬಿಟ್ಟರೆ ಮುಠಾ ನದಿಯ ಭಿಡೆ ಸೇತುವೆ ಮುಳುಗುತ್ತದೆ ಅನ್ನುವುದು ಪುಣೆಯಲ್ಲಿ ಬೆಳೆದವರಿಗೆ ಬಾಯಿಪಾಠ. ಅಂಕಿ ನೋಡಿದ ಕೂಡಲೇ ಅವರು ಅದನ್ನು ಸುದ್ದಿಯ ತಲೆಗೆ ಹಾಕುತ್ತಾರೆ. ಸಂಭಾಜಿನಗರ ಇರುವುದು ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ದೂರ. ಅದು ಗೋದಾವರಿಯ ಸೀಮೆ. ಅಲ್ಲಿನ ಸಂಪಾದಕರು ಬೆಳಿಗ್ಗೆ ಎದ್ದು ಮೊದಲು ಕೇಳುವುದು ಪೈಠಣದ ಜಾಯಕವಾಡಿ ಎಷ್ಟು ತುಂಬಿದೆ ಅಂತ. ಹಾಗೆ ಕೇಳುವುದೇ ಸರಿ. ಅವರ ಜನ ಕುಡಿಯುವುದು ಆ ನೀರು. ಆದರೆ ಅವರ ಕೈಯಲ್ಲಿ ಪುಣೆಯ ಬುಲೆಟಿನ್ ಕೊಟ್ಟರೆ ಭೀಮೆ ಮೂರನೆಯದೋ ನಾಲ್ಕನೆಯದೋ ಸುದ್ದಿಯಾಗುತ್ತದೆ. ಒಂದೊಂದು ದಿನ ಜಾಗವಿಲ್ಲ ಅಂತ ಬಿಟ್ಟೂ ಹೋಗುತ್ತದೆ. ಯಾರ ತಪ್ಪೂ ಇಲ್ಲದೆ ಬಿಟ್ಟು ಹೋಗುತ್ತದೆ. ನನಗೆ ಭಯ ಇರುವುದು ಅದರದ್ದೇ. ಕೇಂದ್ರ ಮುಚ್ಚಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ದನಿ ಬರುತ್ತಲೇ ಇರುತ್ತದೆ.

ನೀರಿನ ವಿಷಯದಲ್ಲಿ ಪುಣೆ ಒಮ್ಮೆ ಭಾರಿ ಬೆಲೆ ತೆತ್ತಿದೆ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆಯಿತು. ಅದರ ನೀರಿನ ಹೊಡೆತಕ್ಕೆ ಖಡಕವಾಸಲಾವೂ ಒಡೆಯಿತು. ಮುಠಾ ದಂಡೆಯ ಹಳೆಯ ಪೇಟೆಗಳಿಗೆ ನೀರು ನುಗ್ಗಿತು. ಇದು ಹಳೆಯ ಮಾತಾಯಿತು ಅನ್ನೋಣ. 2024ರ ಜುಲೈ 25ಕ್ಕೆ ಏನಾಯಿತು? ಖಡಕವಾಸಲಾದಿಂದ ನೀರು ಬಿಟ್ಟರು, ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳ ಒಳಗೆ ನೀರು ಬಂತು. ನಮಗೆ ಮೊದಲೇ ಯಾರೂ ಹೇಳಲಿಲ್ಲ ಅಂತ ಜನ ಗೋಳಾಡಿದರು. ಎಲ್ಲರ ಕೈಯಲ್ಲೂ ಮೊಬೈಲು ಇರುವ ಕಾಲ ಇದು. ಆದರೂ ಖಚಿತವಾದ ಒಂದು ಮಾತು, ಸರಿಯಾದ ಹೊತ್ತಿಗೆ, ನಂಬಬಹುದಾದ ಬಾಯಿಂದ ಬರಲಿಲ್ಲ ಅನ್ನುವುದು ಅವರ ದೂರು.

ವಾಟ್ಸಾಪಿನಲ್ಲಿ ಎಲ್ಲ ಬರುತ್ತದೆ, ರೇಡಿಯೊ ಯಾಕೆ ಅನ್ನುವವರು ಒಂದು ಮಳೆಗಾಲ ಭೀಮಾ ದಂಡೆಯಲ್ಲಿ ಇದ್ದು ನೋಡಲಿ. ಮೂರು ವರ್ಷದ ಹಿಂದಿನ ಪ್ರವಾಹದ ವಿಡಿಯೊ ಇವತ್ತಿನದು ಅಂತ ಬರುತ್ತದೆ. ಕರೆಂಟು ಹೋದರೆ ಟವರೂ ಹೋಗುತ್ತದೆ. ಎರಡು ಸೆಲ್ಲು ಹಾಕಿದ ರೇಡಿಯೊ ಆಗಲೂ ಮಾತಾಡುತ್ತದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ನಮ್ಮ ದೇಶದಲ್ಲಿ ರೇಡಿಯೊದಲ್ಲಿ ಸುದ್ದಿ ಹೇಳುವುದು ಆಕಾಶವಾಣಿ ಒಂದೇ. ಖಾಸಗಿ ಎಫ್ಎಂ ಕೇಂದ್ರಗಳು ಹಾಡು ಹಾಕಬಹುದು, ಟ್ರಾಫಿಕ್ ಹೇಳಬಹುದು, ಹವಾಮಾನ ಹೇಳಬಹುದು. ತಾವೇ ಸುದ್ದಿ ತಯಾರಿಸಿ ಓದುವ ಹಾಗಿಲ್ಲ. ಬೇಕಾದರೆ ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಕೊಡಬಹುದು. ಗಂಟೆಗೆ ಹತ್ತು ನಿಮಿಷ ಸುದ್ದಿಗೆ ಅವಕಾಶ ಕೊಡಿ ಅಂತ 2023ರಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಶಿಫಾರಸು ಮಾಡಿತ್ತು. ಅದು ಆಗಬೇಕಾದ ಕೆಲಸ ಅಂತಲೇ ನನ್ನ ಅಭಿಪ್ರಾಯ. ಆದರೆ ಇವತ್ತಿನ ಲೆಕ್ಕದಲ್ಲಿ, ಒಂದು ಊರಿನ ಆಕಾಶವಾಣಿ ವಾರ್ತಾ ವಿಭಾಗ ಹೋಯಿತು ಅಂದರೆ ಆ ಊರಿಗೆ ರೇಡಿಯೊ ಸುದ್ದಿಯೇ ಹೋದ ಹಾಗೆ. ಪಕ್ಕದ ಅಂಗಡಿಗೆ ಹೋಗಿ ತರಲು ಪಕ್ಕದಲ್ಲಿ ಅಂಗಡಿಯೇ ಇಲ್ಲ.

ಕೇಳುಗರು ಬೇಡ ಅಂದಿದ್ದಕ್ಕೆ ಮುಚ್ಚುವುದು ನಿಂತಿದ್ದು ಇದೇ ಮೊದಲಲ್ಲ. ಇದಕ್ಕಿಂತ ಹಳೆಯ ಕಥೆ ಮುಂಬಯಿಯದು. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯ ಬಾಂಬೆ ಕೇಂದ್ರ ಶುರುವಾಯಿತು. ವೈಸರಾಯ್ ಇರ್ವಿನ್ ಬಂದು ಉದ್ಘಾಟಿಸಿದರು. ಮೂರು ವರ್ಷ ತುಂಬುವುದರೊಳಗೆ ಕಂಪನಿ ದಿವಾಳಿಯಾಯಿತು. 1930ರಲ್ಲಿ ಸರ್ಕಾರ ವಹಿಸಿಕೊಂಡಿತು. ಆಮೇಲೆ ಸರ್ಕಾರಕ್ಕೂ ಖರ್ಚು ಭಾರವಾಯಿತು. ಇಡೀ ದೇಶದಲ್ಲಿ ರೇಡಿಯೊ ಲೈಸೆನ್ಸ್ ಇದ್ದದ್ದು ಸುಮಾರು ಎಂಟು ಸಾವಿರ ಜನರ ಹತ್ತಿರ. ವರ್ಷಕ್ಕೆ ಹತ್ತು ರೂಪಾಯಿ ಫೀ. 1931ರ ಅಕ್ಟೋಬರ್‌ನಲ್ಲಿ ಮುಚ್ಚುವುದು ಅಂತ ತೀರ್ಮಾನವಾಯಿತು. ಕೇಳುವವರೂ ರೇಡಿಯೊ ಮಾರುವವರೂ ಗಲಾಟೆ ಎಬ್ಬಿಸಿದರು. ನವೆಂಬರ್‌ನಲ್ಲಿ ತೀರ್ಮಾನ ವಾಪಸಾಯಿತು. ಅದೇ ಸೇವೆಗೆ 1936ರಲ್ಲಿ ಆಲ್ ಇಂಡಿಯಾ ರೇಡಿಯೊ ಅನ್ನುವ ಹೆಸರು ಬಂತು. ಎಂಟು ಸಾವಿರ ಜನ ಅಂದರೆ ಇವತ್ತು ಒಂದು ದೊಡ್ಡ ಹಳ್ಳಿ. ಅಷ್ಟು ಜನ ಸುಮ್ಮನೆ ಕೂರಲಿಲ್ಲ.

ಎಲ್ಲ ಕಡೆ ಹೀಗಾಗುವುದಿಲ್ಲ. ನ್ಯೂಯಾರ್ಕಿನ ಡಬ್ಲ್ಯೂಸಿಬಿಎಸ್ 880 ಅನ್ನುವ ಕೇಂದ್ರ 1967ರಿಂದ ಊರಿನ ಸುದ್ದಿ ಹೇಳುತ್ತಿತ್ತು. 2024ರ ಆಗಸ್ಟ್‌ನಲ್ಲಿ ಅದು ನಿಂತಿತು. ಆ ತರಂಗಾಂತರದಲ್ಲಿ ಈಗ ಕ್ರೀಡೆಯ ಮಾತು ಬರುತ್ತದೆ. ಅದು ಖಾಸಗಿ ಕಂಪನಿಯ ಆಸ್ತಿ. ಕೇಳುವವರ ಸಂಕಟಕ್ಕೆ ಅಲ್ಲಿ ಬಾಗಿಲಿರಲಿಲ್ಲ. ನಮ್ಮ ಆಕಾಶವಾಣಿ ನಮ್ಮದು, ಜನರ ದುಡ್ಡಿನದು. ಗಾಳಿಯಲ್ಲಿರುವ ತರಂಗಗಳು ಸಾರ್ವಜನಿಕರ ಸ್ವತ್ತು ಅಂತ ನಮ್ಮ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನಾವು ಕೇಳಬಹುದು, ಕೇಳಬೇಕು.

ಮುಚ್ಚಿದ್ದಕ್ಕೆ ಎಲ್ಲರೂ ಖುಷಿಪಟ್ಟ ಒಂದು ಬಾನುಲಿಯೂ ಇತ್ತು. ಅದರ ನೆಲ ನಮ್ಮದೇ ಆದ್ದರಿಂದ ಹೇಳಿಬಿಡುತ್ತೇನೆ. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿದ್ದ ಕಾಲ. ಒಳಗೆ ಪತ್ರಿಕೆಗಳಿಗೆ ಸೆನ್ಸಾರ್. ಹೊರಗಿನ ಸುದ್ದಿ ಒಳಗೆ ಹೋಗುವಂತಿಲ್ಲ. ಆಗ ವಾಮನ ಸರದೇಸಾಯಿ, ಲಿಬಿಯಾ ಲೋಬೊ ಮತ್ತು ಜೊತೆಗಾರರು ಕಾಡಿನಲ್ಲಿ ಗುಟ್ಟಾಗಿ ರೇಡಿಯೊ ನಡೆಸಿದರು. 1955ರ ನವೆಂಬರ್ 25ರಂದು ಶುರುವಾಯಿತು. ಮೊದಲು ಆಂಬೋಲಿಯ ಕಾಡು, ಆಮೇಲೆ ನಮ್ಮ ಉತ್ತರ ಕನ್ನಡದ ಕ್ಯಾಸಲ್ ರಾಕ್. ಕೊಂಕಣಿಯಲ್ಲಿ, ಪೋರ್ಚುಗೀಸಿನಲ್ಲಿ ಗೋವಾದವರಿಗೆ ಸುದ್ದಿ ಮುಟ್ಟಿಸಿದರು. ಕ್ಯಾಸಲ್ ರಾಕ್ ಮಳೆ ಕಂಡವರಿಗೆ ಗೊತ್ತು, ಅಲ್ಲಿ ಹಾಗೆ ವರ್ಷಗಟ್ಟಲೆ ಇರುವುದು ಆಟವಲ್ಲ. 1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. ವಾಮನ, ಲಿಬಿಯಾ ಇಬ್ಬರೂ ವಿಮಾನದಲ್ಲಿ ಗೋವಾದ ಮೇಲೆ ಹಾರಿ ಆ ಸುದ್ದಿಯನ್ನು ಧ್ವನಿವರ್ಧಕದಲ್ಲಿ ಸಾರಿದರು. ಬಾನುಲಿಯ ಕೆಲಸ ಮುಗಿಯಿತು. ಒಂದು ಕೇಂದ್ರ ಮುಚ್ಚಲು ನಾನು ಒಪ್ಪುವ ಕಾರಣ ಇದೊಂದೇ, ಕೆಲಸ ಮುಗಿದಿರಬೇಕು. ಭೀಮೆ ಹರಿಯುವವರೆಗೆ ಪುಣೆಯ ವಾರ್ತಾ ವಿಭಾಗದ ಕೆಲಸ ಮುಗಿಯುವುದಿಲ್ಲ.

ಪುಣೆ ಆಕಾಶವಾಣಿ 1953ರ ಅಕ್ಟೋಬರ್ 2ರಂದು ಶುರುವಾದ ಕೇಂದ್ರ. 2023ರಲ್ಲಿ ನಿರ್ಧಾರವನ್ನು ತಡೆಹಿಡಿದರು ಅಂದೆ. ಅದು ನಮ್ಮ ಗೆಲುವೇ. ಆದರೆ ಅಷ್ಟಕ್ಕೇ ಎಚ್ಚರ ತಪ್ಪುವುದು ಬೇಡ. ವಾರ್ತಾ ವಿಭಾಗಗಳು ಆದೇಶದಿಂದ ಮಾತ್ರ ಮುಚ್ಚುವುದಿಲ್ಲ. ಒಬ್ಬರು ನಿವೃತ್ತರಾಗುತ್ತಾರೆ, ಆ ಕುರ್ಚಿ ಹಾಗೇ ಉಳಿಯುತ್ತದೆ. ಜಿಲ್ಲೆಯ ವರದಿಗಾರರು ಕೊಡುವ ದುಡ್ಡು ಸಾಲದೆ ಬಿಡುತ್ತಾರೆ, ಹೊಸಬರು ಬರುವುದಿಲ್ಲ. ಕೊನೆಗೊಂದು ದಿನ ಕೆಲಸಕ್ಕೆ ಜನ ಇಲ್ಲ ಅನ್ನುವುದೇ ಮುಚ್ಚಲು ಕಾರಣವಾಗುತ್ತದೆ. ಆದ್ದರಿಂದ ಖಾಲಿ ಹುದ್ದೆ ತುಂಬಿ ಅಂತ ಕೇಳುವುದು ನಮ್ಮ ಮೊದಲ ಬೇಡಿಕೆ. ಅರೆಕಾಲಿಕ ವರದಿಗಾರರಿಗೆ ಬದುಕಲು ಸಾಕಾಗುವಷ್ಟು ಕೊಡಿ ಅನ್ನುವುದು ಎರಡನೆಯದು. ಮಳೆಗಾಲದಲ್ಲಿ ಖಡಕವಾಸಲಾದಿಂದ ಉಜನಿಯವರೆಗಿನ ನೀರಿನ ಅಂಕಿಗಳನ್ನು ಪ್ರತಿ ಬುಲೆಟಿನ್‌ನಲ್ಲೂ ಓದಿ, ಅದೇ ಅಂಕಿಗಳನ್ನು ಕಲಬುರಗಿ, ಧಾರವಾಡ ಕೇಂದ್ರಗಳಿಗೂ ಮುಟ್ಟಿಸಿ ಕನ್ನಡದಲ್ಲಿ ಹೇಳಿಸಿ ಅನ್ನುವುದು ಭೀಮಾ ದಂಡೆಯವನಾಗಿ ನನ್ನ ಸ್ವಂತ ಬೇಡಿಕೆ.

ಪುಣೆಯಲ್ಲಿರುವ ಕನ್ನಡಿಗರೇ, ಶಿವಾಜಿನಗರದ ಆಕಾಶವಾಣಿಗೆ ಒಂದು ಪತ್ರ ಹಾಕಿ. ಕಾರ್ಡಾದರೂ ಸಾಕು. ಚೆನ್ನಾಗಿದೆ ಅಂತ ಹೊಗಳಿ ಬರೆಯುವುದು ಬೇಕಾಗಿಲ್ಲ. ಯಾವ ದಿನದ ಯಾವ ಸುದ್ದಿ ನಿಮ್ಮ ಯಾವ ಕೆಲಸಕ್ಕೆ ಬಂತು ಅನ್ನುವುದನ್ನು ಬರೆಯಿರಿ. ಮಾರ್ಕೆಟ್ ಯಾರ್ಡಿನ ರೇಟು ಕೇಳಿ ಈರುಳ್ಳಿ ಲಾರಿ ತಡೆದದ್ದು ಇರಬಹುದು, ದಿವೆ ಘಾಟಿನ ರಸ್ತೆ ಬಂದ್ ಅಂತ ಕೇಳಿ ಬೇರೆ ದಾರಿ ಹಿಡಿದದ್ದು ಇರಬಹುದು. ಮುಂದೆ ಎಂದಾದರೂ ಈ ಸುದ್ದಿಯನ್ನು ಯಾರು ಕೇಳುತ್ತಾರೆ ಅನ್ನುವ ಪ್ರಶ್ನೆ ಬಂದರೆ ಕೇಂದ್ರದವರು ತೆಗೆದು ಮುಂದಿಡಲು ಆ ಕಾಗದಗಳು ಫೈಲಿನಲ್ಲಿ ಇರಬೇಕು. ಮರಾಠಿ ಬರೆಯಲು ಬಾರದಿದ್ದರೆ ನಿಮ್ಮ ಮಕ್ಕಳ ಕೈಲಿ ಬರೆಸಿ, ಶಾಲೆಯಲ್ಲಿ ಕಲಿತಿರುತ್ತಾರೆ. ಮಳೆ ಹಿಡಿಯುವ ಮುಂಚೆ ಕಳಿಸಿದರೆ ಇನ್ನೂ ಒಳ್ಳೆಯದು.

ನಮಸ್ಕಾರ.