ಸೇತುವೆ ಮುಳುಗದ ದಿನವೂ ಹೊಳೆ ಇರುತ್ತದೆ

ಎಲ್ಲರಿಗೂ ನಮಸ್ಕಾರ. ಇವತ್ತು ವಿಶ್ವ ನದಿ ದಿನ. ‘ನಿಮ್ಮ ಇಷ್ಟದ ನದಿಗಳ ಬಗ್ಗೆ ಮಾತಾಡಿ’ ಅಂತ ಕರೆದಾಗ ಕೂಡಲೇ ಒಪ್ಪಿದೆ. ಪ್ರೀತಿಯ ಜೊತೆಗೆ ನನ್ನಲ್ಲಿ ಒಂದು ಸಿಟ್ಟೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೊನ್ನೆ ಇದೇ ಕಲಬುರಗಿಯ ಒಂದು ಶಾಲೆಗೆ ಹೋಗಿದ್ದೆ. ನಿಮಗೆ ಇಷ್ಟವಾದ ನದಿ ಯಾವುದು ಅಂತ ಮಕ್ಕಳನ್ನು ಕೇಳಿದೆ. ಕಾವೇರಿ ಅಂದರು, ಗಂಗಾ ಅಂದರು. ಒಬ್ಬ ತುಂಗಭದ್ರಾ ಅಂದ. ಭೀಮಾ ಅಂತ ಒಂದು ಮಗುವೂ ಹೇಳಲಿಲ್ಲ. ಸರಡಗಿ ಬ್ಯಾರೇಜಿನ ಭೀಮಾ ನೀರು ಕುಡಿಯುವ ಊರು ಇದು! ಮಕ್ಕಳನ್ನು ಬೈದು ಏನು ಬಂತು? ನಾವು ಅವರಿಗೆ ಬಿಸಿಲಿನ ಕಥೆ ಹೇಳಿದೆವು, ಬರದ ಕಥೆ ಹೇಳಿದೆವು, ತೊಗರಿ ಬೆಲೆ ಬಿದ್ದ ಕಥೆ ಹೇಳಿದೆವು. ಹೊಳೆಯ ಹೆಸರು ನಮ್ಮ ಮನೆಗಳಲ್ಲಿ ಬರುವುದು ಸೇತುವೆ ಮುಳುಗಿದಾಗ ಮಾತ್ರ.

ಮುಳುಗಿದ ಸೇತುವೆಯ ಕಥೆ ನನ್ನ ಹತ್ತಿರವೂ ಒಂದು ಇದೆ. ನಮ್ಮ ಅವ್ವನ ತವರು ಸೇಡಂ ಕಡೆ. ಪಂಚಮಿಗೆ ತವರಿಗೆ ಹೋಗಲೇಬೇಕು, ಇಲ್ಲದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ನಾನು ಸಣ್ಣವನಿದ್ದಾಗಿನ ಮಾತು. ಶ್ರಾವಣದ ಮಳೆ ಹಿಡಿದಿತ್ತು. ಕಲಬುರಗಿಯಿಂದ ಹೊರಟ ಬಸ್ಸು ಮಳಖೇಡದ ಸೇತುವೆ ಹತ್ತಿರ ನಿಂತೇಬಿಟ್ಟಿತು. ಕಾಗಿಣಾ ಹೊಳೆ ಸೇತುವೆ ಮೇಲೆಯೇ ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ನಮ್ಮ ಮಾಮ ನಿಂತಿದ್ದರು. ಹೊಳಿ ಬಂದದ, ಅಕ್ಕ ಸಿಕ್ಕಿಬೀಳ್ತಾಳ ಅಂತ ಸೈಕಲ್ ತುಳಿದುಕೊಂಡು ಬಂದಿದ್ದರು. ಕೈಯಲ್ಲಿ ಉಂಡಿ ಡಬ್ಬಿ.

ಮಾಮ ಏನೋ ಕೂಗಿದರು. ನೀರಿನ ಸಪ್ಪಳಕ್ಕೆ ಒಂದೂ ಕೇಳಲಿಲ್ಲ. ಅವ್ವ ಕೂಗಿದಳು, ಅದೂ ಅವರಿಗೆ ಮುಟ್ಟಲಿಲ್ಲ. ಆಮೇಲೆ ಕೈಸನ್ನೆ ಶುರುವಾಯಿತು. ಮಾಮ ಅಂಗೈ ಕೆನ್ನೆಗೆ ಇಟ್ಟು ತೋರಿಸಿದರು: ಇವತ್ತು ಅಲ್ಲೇ ಮಲಗಿರಿ. ಅವ್ವ ಹೊಟ್ಟೆ ಮುಟ್ಟಿ ತೋರಿಸಿದಳು: ನೀನು ಉಂಡಿದ್ದೀಯೋ ಇಲ್ಲವೋ? ಮಾಮನಿಗೆ ಅಕ್ಕ ಹಸಿದಿದ್ದಾಳೆ ಅಂತ ಅನಿಸಿತು. ಡಬ್ಬಿ ತೆರೆದು ಶೇಂಗಾ ಉಂಡಿ, ಎಳ್ಳುಂಡಿ ಒಂದೊಂದೇ ಎತ್ತಿ ತೋರಿಸತೊಡಗಿದರು. ‘ಒಗೀರಿ ಕಾಕಾ, ನಾವ್ ಹಿಡೀತೀವಿ!’ ಅಂತ ಬಸ್ಸಿನ ಹುಡುಗನೊಬ್ಬ ಕೂಗಿದ. ಎಲ್ಲರೂ ನಕ್ಕರು. ಅವ್ವ ಮಾತ್ರ ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಆ ರಾತ್ರಿ ದಂಡೆ ಸಮೀಪದ ಒಂದು ಮನೆಯವರು ಹೆಣ್ಣುಮಕ್ಕಳನ್ನೂ ನಮ್ಮಂಥ ಹುಡುಗರನ್ನೂ ಕರೆದು ಉಣ್ಣಿಸಿದರು. ಗುರುತಿಲ್ಲ, ಪರಿಚಯವಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ. ಆ ಮನೆಯ ಅಜ್ಜಿ ಮಳೆಗಾಲಕ್ಕೆ ಅಂತಲೇ ಒಂದು ಚೀಲ ಜೋಳ ಜಾಸ್ತಿ ಇಡುತ್ತಿದ್ದರಂತೆ. ‘ಹೊಳಿ ಯಾರನ್ನ ಕಳಸ್ತದೋ ಏನ್ ಗೊತ್ತವ್ವ’ ಅಂದರು. ಪೇಪರಿನಲ್ಲಿ ‘ಸೇತುವೆ ಮುಳುಗಡೆ, ಸಂಚಾರ ಬಂದ್’ ಅಂತ ಬರುತ್ತದಲ್ಲ, ಅದರಲ್ಲಿ ಈ ಜೋಳದ ಚೀಲದ ಸುದ್ದಿ ಇರುವುದಿಲ್ಲ.

ಅದೇ ಕಾಗಿಣಾವನ್ನು ಬೇಸಿಗೆಯಲ್ಲಿ ನೋಡಬೇಕು. ತಳದಲ್ಲಿ ಚಪ್ಪಟೆ ಸುಣ್ಣದ ಕಲ್ಲು, ನಮ್ಮ ಮನೆಗಳಿಗೆ ಹಾಸಿದ್ದೇವಲ್ಲ, ಅದೇ ಶಹಾಬಾದ್ ಪರ್ಸಿ. ಬಟ್ಟೆ ಒಗೆಯುವುದೂ ಅದರ ಮೇಲೆ, ಒಣಗಿಸುವುದೂ ಅದರ ಮೇಲೆ. ವಾಡಿ, ಸೇಡಂ, ಮಳಖೇಡಕ್ಕೆ ಸಿಮೆಂಟ್ ಕಾರ್ಖಾನೆ ಬಂದದ್ದೂ ಈ ಕಲ್ಲಿಗಾಗಿಯೇ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ 9ನೇ ಶತಮಾನದಲ್ಲಿ ಸಾರಿದ್ದು ಮಳಖೇಡದ ರಾಷ್ಟ್ರಕೂಟರ ಆಸ್ಥಾನ. ಆ ಎರಡು ನದಿಗಳ ಹೆಸರು ಇಡೀ ಕರ್ನಾಟಕಕ್ಕೆ ಬಾಯಿಪಾಠ. ಆ ರಾಜಧಾನಿಯ ಪಕ್ಕದಲ್ಲೇ ಹರಿದ ಹೊಳೆಯ ಹೆಸರನ್ನು ಬೆಂಗಳೂರಿನಲ್ಲಿ ಕೇಳಿ ನೋಡಿ. ಅಷ್ಟು ದೂರ ಯಾಕೆ, ಇಲ್ಲೇ ಸೂಪರ್ ಮಾರ್ಕೆಟ್‌ನಲ್ಲಿ ಕೇಳಿ ನೋಡಿ.

ಬೀದರಿನ ಗೆಳೆಯರು ಹಿಂದೆ ಕೂತಿದ್ದೀರಿ, ನಿಮ್ಮನ್ನು ಬಿಡುವುದಿಲ್ಲ. ನಿಮ್ಮ ಕಾರಂಜಾ ಮಾಂಜ್ರಾ ಸೇರುತ್ತದೆ, ಮಾಂಜ್ರಾ ತೆಲಂಗಾಣದ ಕಂದಕುರ್ತಿಯಲ್ಲಿ ಗೋದಾವರಿ ಸೇರುತ್ತದೆ. ಆದರೆ ಬಸವಕಲ್ಯಾಣ ಕಡೆ ಬಿದ್ದ ಮಳೆ ಮುಲ್ಲಾಮಾರಿ ಹೊಳೆ ಹಿಡಿದು ಚಿಂಚೋಳಿ ದಾಟಿ ಕಾಗಿಣಾಕ್ಕೆ ಬರುತ್ತದೆ. ಅಲ್ಲಿಂದ ಭೀಮಾ, ಆಮೇಲೆ ಕೃಷ್ಣಾ. ಒಂದೇ ಜಿಲ್ಲೆಯ ಮಳೆ ಎರಡು ದೊಡ್ಡ ನದಿಗಳಿಗೆ ಹಂಚಿಹೋಗುತ್ತದೆ. ಎಂಥ ಚೆಂದದ ಪಾಠ! ಇದನ್ನು ಮಕ್ಕಳಿಗೆ ಹೇಳಲು ಸೇತುವೆ ಮುಳುಗಬೇಕಾ?

ಇನ್ನು ಭೀಮಾ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗಾ ಅನಿಸಿಕೊಂಡು, ಗಾಣಗಾಪುರದಲ್ಲಿ ಅಮರ್ಜಾವನ್ನು ಕೂಡಿಕೊಳ್ಳುವ 861 ಕಿಲೋಮೀಟರಿನ ನದಿ. ಅಕ್ಟೋಬರ್ 2020ರಲ್ಲಿ ಮಹಾರಾಷ್ಟ್ರದಲ್ಲಿ ಮಳೆ ಸುರಿದು, ಅಲ್ಲಿನ ಉಜನಿ ಅಣೆಕಟ್ಟಿನಿಂದ ನೀರು ಬಂದು ದಂಡೆಯ ಊರುಗಳು ಮುಳುಗಿದವು. ಮಂದಿ ಕಾಳಜಿ ಕೇಂದ್ರ ಸೇರಿದರು. ಬೇಸಿಗೆ ಬಂದರೆ ಅದೇ ಉಜನಿಯಿಂದ ನೀರು ಬಿಡಿ ಅಂತ ನಾವೇ ಕೇಳುತ್ತೇವೆ. ಈ ಎರಡರ ನಡುವೆಯೂ ಭೀಮಾ ಇದೆ. ನನಗೆ ಇಷ್ಟವಾದ ಭೀಮಾ ಎಳ್ಳಮಾವಾಸ್ಯೆಯದು. ಫಿರೋಜಾಬಾದ್ ಹತ್ತಿರ ಗೆಳೆಯನ ಹೊಲ. ಬೆಳೆಗೆ ನೈವೇದ್ಯ ಅಂತ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಭಜ್ಜಿಪಲ್ಯ, ಅಂಬಲಿ ಹೊಟ್ಟೆ ತುಂಬಾ ಉಂಡು ದಂಡೆಗೆ ಹೋಗುತ್ತಿದ್ದೆವು. ರಾಡಿ ಇಳಿದು ನೀರು ತಿಳಿಯಾಗಿರುತ್ತಿತ್ತು. ಈಜು ಕಲಿತದ್ದು ಅಲ್ಲೇ.

ಚೀಟಿ ಬಂತು, ಐದೇ ನಿಮಿಷ ಅಂತೆ. ಯಾದಗಿರಿಯವರು ಕ್ಷಮಿಸಬೇಕು, ಕೃಷ್ಣೆಯ ಬಗ್ಗೆ ತಿಂಥಣಿಯಿಂದ ಶುರುಮಾಡಿ ಬಹಳ ಹೇಳುವುದಿತ್ತು. ಸನ್ನತಿಯನ್ನಂತೂ ಬಿಡಲಾರೆ. ಭೀಮಾ ದಂಡೆಯ ಚಂದ್ರಲಾಂಬಾ ಗುಡಿ ಆವರಣದಲ್ಲಿ 1986ರಲ್ಲಿ ಕಾಳಿಗುಡಿಯ ಛಾವಣಿ ಕುಸಿದಾಗ ಅಶೋಕನ ಶಾಸನದ ಕಲ್ಲು ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಬರೆದ ಶಿಲ್ಪವೇ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ.

ಕೊನೆಯದಾಗಿ ಕೆಲಸದ ಮಾತು. ದೀಪಾವಳಿ ಆದ ಮೇಲೆ, ನೀರು ತಿಳಿಯಾದಾಗ, ಆ ಶಾಲೆಯ ಮಕ್ಕಳ ಜೊತೆ ಹೊನಗುಂಟಾಕ್ಕೆ ಹೋಗುತ್ತಿದ್ದೇವೆ. ಕಾಗಿಣಾ ಭೀಮಾಕ್ಕೆ ಸೇರುವ ಜಾಗ ಅದು. ಬರುವವರು ಬಾಗಿಲ ಹತ್ತಿರದ ಪುಸ್ತಕದಲ್ಲಿ ಹೆಸರು ಬರೆಸಿ. ಬುತ್ತಿ ನಿಮ್ಮ ನಿಮ್ಮದೇ. ರೊಟ್ಟಿ ನಾಲ್ಕು ಜಾಸ್ತಿ ಕಟ್ಟಿಕೊಳ್ಳಿ, ಮಕ್ಕಳು ಬಹಳ ಮಂದಿ ಇದ್ದಾರೆ.